ಹೊಳೆಗೆ ಇಳಿದ ಗಾಜಿನ ಎಳೆ

ನಮ್ಮೂರಿನ ಹೊಳೆ ಕೆಲವು ದಿನ ಸಿಹಿಯಾಗಿರುತ್ತದೆ, ಕೆಲವು ದಿನ ಸಪ್ಪೆಯಾಗಿರುತ್ತದೆ. ಹೊರಗಿನವರಿಗೆ ಇದನ್ನು ಹೇಳಿದರೆ ಯಾಕೆ ಎಂದು ಕೇಳುತ್ತಾರೆ. ನಮ್ಮವರಿಗೆ ಆ ಪ್ರಶ್ನೆಯೇ ತಲೆಗೆ ಹೋಗುವುದಿಲ್ಲ. "ಅಯ್ಯೋ, ನಿಮ್ಮೂರ ಹೊಳೆ ವರ್ಷವೆಲ್ಲಾ ಸಪ್ಪೇನೇ? ಹಬ್ಬಕ್ಕೆ ಏನ್ ಮಾಡ್ತೀರಿ ಪಾಪ?" ಎಂದು ತಿರುಗಿ ಕೇಳಿ ಮರುಕಪಡುತ್ತಾರೆ. ನಮಗೆ ತಿಳಿಯಬೇಕಾದದ್ದು ಇಷ್ಟೇ: ಇವತ್ತು ಎಷ್ಟು? ಸಪ್ಪೆಯೋ, ಒಂದೆಳೆಯೋ, ಎರಡೆಳೆಯೋ, ಮೂರೆಳೆಯೋ? ಪಾಕ ಹಿಡಿಯುವವರು ಹೇಳುವ ಎಳೆಗೂ ಇದಕ್ಕೂ ಸಂಬಂಧವಿಲ್ಲ. ಯಾರೋ ಹಿರಿಯರು ಆ ಹೆಸರನ್ನು ಎರವಲು ತಂದರು, ಹಿಂದಿರುಗಿಸುವುದನ್ನು ಮರೆತರು.

ಸಪ್ಪೆ ದಿನ ನಾವು ಸಾರು, ಹುಳಿ ಮಾಡುತ್ತೇವೆ, ಬಟ್ಟೆ ಒಗೆಯುತ್ತೇವೆ, ತಲೆಗೆ ನೀರು ಹಾಕಿಕೊಳ್ಳುತ್ತೇವೆ. ಒಂದೆಳೆಯ ದಿನ ಕಾಫಿಗೆ ಚೆನ್ನ. ಎರಡೆಳೆಗೆ ಪಾಯಸ. ಮೂರೆಳೆಯ ದಿನವಂತೂ ಊರಿಗೆ ಊರೇ ಹಂಡೆ ಕೊಪ್ಪರಿಗೆಗಳನ್ನು ಹೊತ್ತು ಹೊಳೆಗೆ ಇಳಿಯುತ್ತದೆ. ನೀರನ್ನು ಕಾಯಿಸಿ ತುಂಬಿಟ್ಟುಕೊಂಡರೆ ಮುಂದಿನ ಸಪ್ಪೆ ದಿನಗಳಿಗೆ ಆಗುತ್ತದೆ. ಅಂಥ ದಿನ ಲೆಕ್ಕ ತಪ್ಪಿ ಯಾರಾದರೂ ಅಂಗಿ ಒಗೆದು ಹಾಕಿದರೆ ಇರುವೆಗಳು ತಂತಿಯ ಮೇಲೆ ಸಾಲುಗಟ್ಟಿ ಬಂದು ಅದನ್ನು ಹೊತ್ತುಕೊಂಡು ಹೋಗುವ ಪ್ರಯತ್ನ ಮಾಡುತ್ತವೆ. ಇದೆಲ್ಲ ನಗುವ ಮಾತಾಯಿತು. ನಗಲಾರದವರೂ ಊರಿನಲ್ಲಿದ್ದಾರೆ. ಹೊರಗಿನವರು ಸಕ್ಕರೆ ಕಾಯಿಲೆ ಎನ್ನುವುದಕ್ಕೆ ನಮ್ಮಲ್ಲಿ ಹೊಳೆ ಕಾಯಿಲೆ ಎನ್ನುತ್ತಾರೆ. ಅದು ಇರುವವರು ಅಂದಂದಿನ ಸಿಹಿ ಎಷ್ಟೆಂದು ತಿಳಿಯದೆ ಒಂದು ಗುಟುಕು ಮಜ್ಜಿಗೆಯನ್ನೂ ಕುಡಿಯುವಂತಿಲ್ಲ.

ಅದಕ್ಕೇ ನೀರಿನ ಕಚೇರಿ ಇರುವುದು. ಆ ಕಚೇರಿಯ ಮಾಳಿಗೆಯ ಮೇಲೆ ಆಗ ಎರಡು ಕಂಬಗಳಿದ್ದವು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅವುಗಳಿಗೆ ಹಳದಿ ಬಟ್ಟೆಯ ಪಟ್ಟಿಗಳನ್ನು ಕಟ್ಟಬೇಕು. ಎಷ್ಟು ಎಳೆಯೋ ಅಷ್ಟು ಪಟ್ಟಿ. ಸಪ್ಪೆಯಾದರೆ ಬರಿಯ ಕಂಬ. ಒಂದು ನಾಲಿಗೆಯ ಕಂಬ, ಇನ್ನೊಂದು ನಳಿಗೆಯ ಕಂಬ. ನಾಲಿಗೆ ಪಂಪಾಪತಿಯವರದು. ನಳಿಗೆ ನನ್ನದು.

ನನ್ನ ಹೆಸರು ನೀಲಾಂಬಿಕೆ. ನನ್ನ ನಳಿಗೆ ಗೇಣುದ್ದದ ಹಿತ್ತಾಳೆಯದು. ಅದರ ಮೂತಿಯ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು, ಬೆಳಕಿನ ಕಡೆ ಹಿಡಿದು, ಕಣ್ಣಿಟ್ಟು ನೋಡಿದರೆ ಒಳಗೊಂದು ನೆರಳಿನ ಗೆರೆ ಕಾಣುತ್ತದೆ. ನೀರಿನಲ್ಲಿ ಸಿಹಿ ಹೆಚ್ಚಿದಷ್ಟೂ ಬೆಳಕು ಹೆಚ್ಚು ಬಾಗುತ್ತದೆ, ಗೆರೆ ಮೇಲೇರುತ್ತದೆ. ನಾನು ಆ ನಳಿಗೆಯನ್ನು ಎಷ್ಟು ನಂಬಿದ್ದೆನೆಂದರೆ, ನನ್ನನ್ನು ನೋಡಲು ಬಂದ ಗಂಡೊಬ್ಬರು "ಕಾಫಿ ಸ್ವಲ್ಪ ಸಪ್ಪೆ" ಎಂದಾಗ, ಅವರ ಲೋಟದಿಂದಲೇ ಒಂದು ಹನಿ ತೆಗೆದು ನೋಡಿ, "ಇಲ್ಲ, ಸರಿಯಾಗಿದೆ" ಎಂದು ಹೇಳಿದೆ. ಅವರು ಮತ್ತೆ ಬರಲಿಲ್ಲ. ಆಮೇಲೆ ಬೇರೆಯವರೂ ಅಷ್ಟಾಗಿ ಬರಲಿಲ್ಲ.

ಪಂಪಾಪತಿಯವರಿಗೂ ಮದುವೆಯಾಗಿರಲಿಲ್ಲ. ತೆಳ್ಳಗಿನ ಆಳು, ಮೆತ್ತಗಿನ ಮಾತು. ರುಚಿ ನೋಡುವ ಕೆಲಸಕ್ಕಾಗಿ ಮೆಣಸಿನಕಾಯಿ, ಈರುಳ್ಳಿ, ಉಪ್ಪಿನಕಾಯಿ ಎಲ್ಲವನ್ನೂ ಬಿಟ್ಟಿದ್ದರು. ದಿನವೂ ಬೆಳಿಗ್ಗೆ ನಾವಿಬ್ಬರೂ ಒಂದೇ ಮೆಟ್ಟಿಲ ಮೇಲೆ ಕುಳಿತು ಹೊಳೆಗೆ ಬಗ್ಗುತ್ತಿದ್ದೆವು. ಅವರು ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುವರು. ನಾನು ನಳಿಗೆಗೆ ಕಣ್ಣು ಹಚ್ಚುವೆ.

"ಸಪ್ಪೆ" ಎನ್ನುವರು ಅವರು.

"ಎರಡೆಳೆ" ಎನ್ನುವೆ ನಾನು.

"ಆ ಹಿತ್ತಾಳೆಗೆ ಬಾಯಿ ಇದೆಯೇನ್ರೀ, ರುಚಿ ಗೊತ್ತಾಗೋಕೆ?"

"ನಿಮ್ಮ ಬಾಯಿಗೆ ಕಣ್ಣಿದೆಯಾ?"

ಹೀಗೆ ಮಾಳಿಗೆಯ ಮೆಟ್ಟಿಲು ಹತ್ತುವವರೆಗೂ ನಡೆಯುತ್ತಿತ್ತು. ಚಳಿಗಾಲದಲ್ಲಿ ನನ್ನ ಕಂಬ ಹೆಚ್ಚು ಹೇಳುತ್ತಿತ್ತು, ಬೇಸಿಗೆಯಲ್ಲಿ ಅವರದು. ಇದಕ್ಕೆ ಇನ್ನೊಬ್ಬರ ಹಟವೇ ಕಾರಣವೆಂದು ಇಬ್ಬರೂ ನಂಬಿದ್ದೆವು. ಬೇರೆ ಕಾರಣ ಇರಬಹುದೆಂದು ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವ ಅಗತ್ಯವೂ ಇರಲಿಲ್ಲ, ಏಕೆಂದರೆ ಎರಡು ಕಂಬಗಳಿಂದ ಊರಿಗೆ ಅನುಕೂಲವೇ ಆಗಿತ್ತು. ಬಟ್ಟೆ ಒಗೆಯಲು ಮನಸ್ಸಿಲ್ಲದವರು ಪಟ್ಟಿ ಹೆಚ್ಚಿರುವ ಕಂಬವನ್ನು ತೋರಿಸುತ್ತಿದ್ದರು. ಪಾಯಸ ಮಾಡಲು ಮನಸ್ಸಿಲ್ಲದವರು ಕಡಿಮೆ ಇರುವುದನ್ನು. ಅತ್ತೆ ನಾಲಿಗೆಯ ಪಕ್ಷವಾದರೆ ಸೊಸೆ ನಳಿಗೆಯ ಪಕ್ಷ. ಬೆಳಿಗ್ಗೆ ನಮ್ಮ ಜಗಳ ಕೇಳಿಸದಿದ್ದರೆ ಹೊಳೆದಂಡೆಯ ಮನೆಯವರು ಕಿಟಕಿ ತೆರೆದು, "ಏನಮ್ಮಾ, ಇವತ್ತು ರಜಾನಾ?" ಎಂದು ಕೇಳುತ್ತಿದ್ದರು.

ಆ ವರ್ಷದ ಚಳಿ ಹಲ್ಲು ಕಡಿಸುವಂಥದ್ದು. ಒಂದು ಬೆಳಿಗ್ಗೆ ಪಂಪಾಪತಿಯವರು ಮಂಜಿನಂಥ ನೀರನ್ನು ಬಾಯಲ್ಲಿ ಹೊರಳಿಸಿ, ತುಟಿ ನೀಲಿಯಾಗುವವರೆಗೆ ಯೋಚಿಸಿ, ಸಪ್ಪೆ ಎಂದರು. ನಾನು ಎರಡೆಳೆ ಎಂದೆ. ಅವರ ಕಂಬ ಬರಿದಾಗಿ ನಿಂತಿತು, ನನ್ನದಕ್ಕೆ ಎರಡು ಪಟ್ಟಿ ಹಾರಿದವು. ಅವರ ತಾಯಿ ಶಾಂತವೀರಮ್ಮನವರಿಗೆ ಹೊಳೆ ಕಾಯಿಲೆ ಇತ್ತು. ಮಗನ ಕಂಬ ಬಿಟ್ಟು ಬೇರೆ ಕಂಬವನ್ನು ಅವರು ತಲೆ ಎತ್ತಿಯೂ ನೋಡಿದವರಲ್ಲ. ಅವತ್ತೂ ನೋಡಲಿಲ್ಲ. ಬಹಳ ದಿನದ ಮೇಲೆ ಸಪ್ಪೆ ಬಂದಿದೆ ಎಂದು ಬಿಸಿಬಿಸಿ ಅಂಬಲಿ ಕಾಯಿಸಿಕೊಂಡು ಕುಡಿದರು, ಗಂಜಿ ಕುಡಿದರು, ಸಂಜೆಯವರೆಗೂ ಶುಂಠಿ ಕಷಾಯ ಕುಡಿದರು. ದೀಪ ಹಚ್ಚುವ ಹೊತ್ತಿಗೆ ನಾಲಿಗೆ ತೊದಲಿ, ದೇವರ ಮನೆಯ ಹೊಸ್ತಿಲಲ್ಲಿ ಕುಸಿದರು.

ಆಸ್ಪತ್ರೆಯಲ್ಲಿ ಅವರು ಎಚ್ಚರಾಗುವವರೆಗೂ ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಪಂಪಾಪತಿಯವರು ಎದುರಿನ ಗೋಡೆಗೆ ಒರಗಿ ನಿಂತಿದ್ದರು. ನಮ್ಮ ಪರಿಚಯದಲ್ಲಿ ನಾವು ಜಗಳವಾಡದೆ ಅಷ್ಟು ಹೊತ್ತು ಎದುರುಬದುರು ಇದ್ದದ್ದು ಅದೇ ಮೊದಲು. ಕೊನೆಗೆ ಅವರೇ, "ನೀವು ಹೇಳಿದ್ದೇ ಸರಿ ಇತ್ತು" ಎಂದರು. ಆ ಮಾತನ್ನು ಅವರ ಬಾಯಿಂದ ಕೇಳಬೇಕೆಂದು ಎಷ್ಟು ಕಾದಿದ್ದೆನೋ! ಕೇಳಿದಾಗ ಎದ್ದು ಹೋಗಿ ಎಲ್ಲಾದರೂ ಮುಖ ಮರೆಸಿಕೊಳ್ಳೋಣ ಎನ್ನಿಸಿತು.

ಶಾಂತವೀರಮ್ಮ ಚೇತರಿಸಿಕೊಂಡು ಮನೆಗೆ ಬಂದರು. ಪಂಪಾಪತಿಯವರು ಮಾತ್ರ ಹೊಳೆಗೆ ಬರಲಿಲ್ಲ. ಪುರಸಭೆ ಅಧ್ಯಕ್ಷ ವೃಷಭೇಂದ್ರಪ್ಪನವರು ಎರಡು ಸಲ ಹೋಗಿ ಕರೆದರೂ ಬರಲಿಲ್ಲ. ನಾಲಿಗೆಯ ಕಂಬದ ಮೇಲೆ ಕಾಗೆಗಳು ಕೂರತೊಡಗಿದವು. ಊರಿನವರು, "ಇನ್ನು ನಳಿಗೆಯೇ ಸರಿ ಬಿಡಿ" ಎಂದು ನನ್ನನ್ನು ಹೊಗಳಿದರು. ನಾನು ಒಬ್ಬಳೇ ಮೆಟ್ಟಿಲ ಮೇಲೆ ಕುಳಿತು, ಗೆರೆ ನೋಡಿ, "ಒಂದೆಳೆ" ಎಂದು ಹೊಳೆಗೇ ಹೇಳಿ ಬರುತ್ತಿದ್ದೆ. ಹೊಳೆ ಎದುರು ಮಾತಾಡುತ್ತಿರಲಿಲ್ಲ.

ಬೇಸಿಗೆ ಬಂತು. ವೃಷಭೇಂದ್ರಪ್ಪನವರ ಮಗಳ ಮದುವೆ ಬಂತು. ಗಂಡಿನವರು ಹೊರಗಿನವರು, ಖಾರದ ಸಾರಿಗೆ ಹೆಸರಾದ ಸೀಮೆಯವರು. "ನೀಲಮ್ಮ, ನಾಳೆ ಊಟಕ್ಕೆ ಸಾರಿನ ನೀರು ಸಪ್ಪೇನೇ ಇರಬೇಕು. ನೋಡಿ ಹೇಳು, ನನ್ನ ಮರ್ಯಾದೆ ನಿನ್ನ ಕೈಲಿದೆ" ಎಂದು ಅಧ್ಯಕ್ಷರು ನನಗೆ ಹೇಳಿದ್ದರು. ಸುಡುಬಿಸಿಲಿನ ಮಧ್ಯಾಹ್ನ, ಮೆಟ್ಟಿಲ ಮೇಲೆ ಕಾಲಿಡಲಾಗದು; ನೀರು ಕಾಲಿಗೆ ಸ್ನಾನದ ನೀರಿನಂತೆ ಬೆಚ್ಚಗಿತ್ತು. ಗೆರೆ ತಳದಲ್ಲೇ ಇತ್ತು. ಸಪ್ಪೆ ಎಂದೆ. ಅಡುಗೆಯವರು ಕೊಪ್ಪರಿಗೆ ತುಂಬಿಕೊಂಡು ಹೋದರು.

ಮರುದಿನ ಪಂಕ್ತಿಯಲ್ಲಿ ಗಂಡಿನ ತಂದೆ ಅನ್ನಕ್ಕೆ ಸಾರು ಕಲಸಿ ಒಂದು ತುತ್ತು ಬಾಯಿಗಿಟ್ಟು ಹಾಗೆಯೇ ನಿಂತುಬಿಟ್ಟರು, ಅಂದರೆ ಅವರ ದವಡೆ ನಿಂತಿತು. ಬೇಳೆ ಬೇಯುವಾಗ ನೀರು ಬತ್ತಿ, ಇದ್ದ ಸಿಹಿಯೆಲ್ಲ ಗಟ್ಟಿಯಾಗಿ, ಮೆಣಸಿನ ಜೊತೆ ಸೇರಿ, ಸಾರು ಎಂಥದೋ ಆಗಿತ್ತು. "ಅಧ್ಯಕ್ಷರೇ, ಇದು ಸಾರೋ ಪಾಯಸವೋ? ಯಾವುದು ಅಂತ ಹೇಳಿದ್ರೆ ಆ ಪ್ರಕಾರ ತಿಂತೀವಿ" ಎಂದರು ಅವರು. ಪಂಕ್ತಿಯಿಂದ ನಾಲ್ಕು ಜನ ಎದ್ದೇಬಿಟ್ಟರು. ಹುಡುಗಿಯ ಕಡೆಯವರ ಮುಖ ಬಿಳಿಚಿಕೊಂಡಿತು. ಆ ಗಳಿಗೆಯಲ್ಲಿ ಮದುಮಗ ತಲೆಯೆತ್ತಿ, "ಇನ್ನೊಂದು ಸೌಟು ಹಾಕ್ರೀ" ಎಂದ. ಅವನಿಗೆ ನಿಜವಾಗಿಯೂ ರುಚಿಸಿತ್ತೋ ಹುಡುಗಿ ರುಚಿಸಿದ್ದಳೋ, ಇವತ್ತಿಗೂ ಗೊತ್ತಿಲ್ಲ. ಎದ್ದವರು ಕುಳಿತರು. ಮದುವೆ ಉಳಿಯಿತು. ನಾನು ಹಿತ್ತಲಿನ ಬಾಗಿಲಿಂದ ಮನೆಗೆ ಬಂದೆ.

ವೃಷಭೇಂದ್ರಪ್ಪನವರು ಒಳ್ಳೆಯವರು, ಬೈಯಲಿಲ್ಲ. ಆದರೆ ಆ ವಾರವೇ ದೂರದ ಊರೊಂದರ ಕಾಲೇಜಿನಿಂದ ಜುಲೇಖಾ ಮೇಡಂ ಎನ್ನುವವರನ್ನು ಕರೆಸಿದರು. ಅಳತೆಯ ಸಲಕರಣೆ ಮಾಡುವುದೇ ಅವರ ಕೆಲಸ. ಅರವತ್ತರ ಹತ್ತಿರದ ವಯಸ್ಸು, ದಪ್ಪ ಕನ್ನಡಕ, ಸೀರೆಯ ಮೇಲೆ ಗಂಡಸರ ಕೋಟು. ಕೋಟಿನ ಜೇಬುಗಳ ತುಂಬ ಮಂಡಕ್ಕಿ. ದೊಡ್ಡ ಯಂತ್ರ ಬರುತ್ತದೆಂದು ಅಧ್ಯಕ್ಷರು ಎತ್ತಿನ ಗಾಡಿ ಹೇಳಿಸಿದ್ದರು. ಮೇಡಂ ಕೈಚೀಲದಿಂದ ತೆಗೆದದ್ದು ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಮತ್ತು ದಾರದ ಉಂಡೆಯಂಥ ಒಂದು ಸುರುಳಿ.

"ಇಷ್ಟೇನಾ ಮೇಡಂ?" ಎಂದರು ಅಧ್ಯಕ್ಷರು.

"ಇಷ್ಟೇ. ಗಾಜಿನ ಎಳೆ. ಕೂದಲಿನಷ್ಟು ದಪ್ಪ."

"ಗಾಜು ಅಂದ್ರೆ ಮುರಿಯಲ್ವಾ?"

"ಮಡಚಿದ್ರೆ ಮುರಿಯುತ್ತೆ. ಮಡಚಬೇಡಿ" ಎಂದು ಹೇಳಿ ಅವರು ಬಾಯಿಗೆ ಮಂಡಕ್ಕಿ ಹಾಕಿಕೊಂಡರು.

ನಾನು ಮುಖ ಗಂಟು ಹಾಕಿಕೊಂಡು ದೂರ ನಿಂತಿದ್ದೆ. ನನ್ನ ಅನ್ನಕ್ಕೆ ಕಲ್ಲು ಹಾಕಲು ಬಂದವರನ್ನು ನಗುಮುಖದಿಂದ ಮಾತಾಡಿಸುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ. ಅವರು ನನ್ನನ್ನೇ ಕರೆದರು. "ಬಾಮ್ಮ ಇಲ್ಲಿ. ನಳಿಗೆ ನೋಡಿದ ಕಣ್ಣು, ಇದನ್ನೂ ನೋಡು." ಎಳೆಯ ತುದಿಯನ್ನು ಒಂದು ಪಾತ್ರೆಯ ನೀರಿನಲ್ಲಿಟ್ಟು ಪೆಟ್ಟಿಗೆಯ ಗುಂಡಿ ಒತ್ತಿದರು. ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಒಂದು ಗೆರೆ ಮೂಡಿತು. ಸಪಾಟಾದ ಗೆರೆ, ನಡುವೆ ಎರಡು ತಗ್ಗು.

"ಎಳೆಯ ಒಳಗೆ ಬೆಳಕು ಬಿಟ್ಟಿದೀನಿ, ಕಾಮನಬಿಲ್ಲಿನ ಬಣ್ಣದ ಹಾಗೆ ಬೇರೆಬೇರೆ ಬೆಳಕು. ಎಳೆಯ ಮೇಲೆ ಎರಡು ಜಾಗದಲ್ಲಿ ಸ್ವಲ್ಪ ಕೈಚಳಕ ಮಾಡಿದೀನಿ. ಒಂದೊಂದು ಜಾಗದಲ್ಲಿ ಒಂದೊಂದು ಬಣ್ಣ ಕಳೆದುಹೋಗುತ್ತೆ. ಕಳೆದುಹೋದ ಕಡೆ ಈ ತಗ್ಗು. ಈಗ ನೋಡು." ಕೆಳಗಿನಿಂದ ಒಲೆ ಹಚ್ಚಿದರು. ನೀರು ಬೆಚ್ಚಗಾದಂತೆ ಎರಡು ತಗ್ಗುಗಳೂ ಜಾಗ ಬಿಟ್ಟು ಸರಿದವು, ಒಂದು ಹೆಚ್ಚು, ಒಂದು ಕಡಿಮೆ. ಒಲೆ ಆರಿಸಿದರು. ನೀರು ತಣಿದ ಮೇಲೆ ತಗ್ಗುಗಳು ಹಿಂದಿನ ಜಾಗಕ್ಕೆ ಬಂದವು. ಆಗ, ಅವರು ಕೇಳಿದ್ದಕ್ಕೆ ನಾನು ಮನೆಯಿಂದ ತಂದುಕೊಟ್ಟಿದ್ದ ಮೂರೆಳೆ ದಿನದ ನೀರನ್ನು ಪಾತ್ರೆಯ ನೀರಿನಷ್ಟೇ ತಣ್ಣಗೆ ಮಾಡಿ ಒಂದು ಲೋಟ ಸುರಿದರು. ಈ ಸಲ ಒಂದು ತಗ್ಗು ಮಾತ್ರ ಸರಿಯಿತು. ಇನ್ನೊಂದು ನಿಂತಲ್ಲೇ ನಿಂತಿತ್ತು.

"ಗೊತ್ತಾಯ್ತಾ? ಒಂದು ಜಾಗ ಪೂರಾ ಹೊದ್ದುಕೊಂಡು ಕೂತಿದೆ, ನೀರು ಮುಟ್ಟಲ್ಲ. ಅದಕ್ಕೆ ಬಿಸಿ ತಣ್ಣಗೆ ಮಾತ್ರ ಗೊತ್ತಾಗುತ್ತೆ. ಇನ್ನೊಂದರ ಹೊದಿಕೆ ತೆಗೆದಿದೀನಿ, ಒಳಗಿನ ಬೆಳಕು ಸ್ವಲ್ಪ ಹೊರಗೆ ಬಂದು ನೀರು ಮುಟ್ಟಿ ಹೋಗುತ್ತೆ. ಅದಕ್ಕೆ ಬಿಸಿಯೂ ಗೊತ್ತು, ಸಿಹಿಯೂ ಗೊತ್ತು. ಆದರೆ ಯಾವುದು ಎಷ್ಟು ಅಂತ ಬಿಡಿಸಿ ಹೇಳೋಕೆ ಬರಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರೆ ಲೆಕ್ಕ ಸಿಗುತ್ತೆ."

"ನನ್ನ ನಳಿಗೆ?" ಎಂದೆ. ಕೇಳುವಾಗಲೇ ಉತ್ತರ ಗೊತ್ತಾಗತೊಡಗಿತ್ತು.

"ನಿನ್ನ ನಳಿಗೆ ಸುಳ್ಳು ಹೇಳಲ್ಲ. ಬೆಳಕು ಎಷ್ಟು ಬಾಗಿತು ಅಂತ ಹೇಳುತ್ತೆ. ಯಾಕೆ ಬಾಗಿತು ಅಂತ ನೀನು ಅದನ್ನ ಕೇಳಿಯೇ ಇಲ್ಲ." ಆಮೇಲೆ ಅವರು ಮಾಳಿಗೆಯ ಕಡೆ ನೋಡಿದರು. "ಆ ಖಾಲಿ ಕಂಬ ಯಾರದು?"

ಹೇಳಿದೆ.

"ಅವರು ಬೇಕಲ್ಲ! ಒಂದೆಳೆ, ಎರಡೆಳೆ ಅಂತ ಹೆಸರಿಟ್ಟಿರೋದು ನಾಲಿಗೆ. ನನ್ನ ಎಳೆಗೆ ಆ ಹೆಸರು ಕಲಿಸಬೇಕಾದರೆ ನಾಲಿಗೆಯೇ ಬೇಕು. ಕರೆದುಕೊಂಡು ಬಾ."

ಹೀಗೆ ನಾನು ಪಂಪಾಪತಿಯವರ ಮನೆಗೆ ಹೋದೆ. ಶಾಂತವೀರಮ್ಮ ಜಗಲಿಯ ಮೇಲೆ ಕುಳಿತಿದ್ದರು. ಸೊರಗಿದ್ದರು, ಆದರೆ ಕಣ್ಣು ಚುರುಕಾಗಿದ್ದವು. "ಬಾ ತಾಯಿ, ನೀನಾದ್ರೂ ಹೇಳು. ದಿನಾ ನಾಲಿಗೆ ಸುಟ್ಟುಕೊಳ್ತಾನೆ, ಅದರ ಮೇಲೆ ಸೇಡು ತೀರಿಸ್ಕೊಳ್ಳೋ ಹಾಗೆ" ಎಂದು ಒಳಗೆ ಕೈ ತೋರಿಸಿದರು. ಪಂಪಾಪತಿಯವರು ನಡುಮನೆಯಲ್ಲಿ ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಕುಳಿತಿದ್ದರು. ಮೂಗು ಕೆಂಪಗಾಗಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು, ತಿನ್ನುವುದನ್ನು ಮಾತ್ರ ನಿಲ್ಲಿಸಿರಲಿಲ್ಲ. ನಗಬೇಕೋ ಅಳಬೇಕೋ ತಿಳಿಯದೆ ನಾನು ಬಾಗಿಲಲ್ಲೇ ನಿಂತೆ.

"ಕಾಲೇಜಿನಿಂದ ಮೇಡಂ ಬಂದಿದಾರೆ. ನಿಮ್ಮನ್ನ ಕರೀತಿದಾರೆ" ಎಂದೆ.

"ನಾನು ಯಾಕೆ? ನಿಮ್ಮ ನಳಿಗೆ ಇದೆಯಲ್ಲ."

"ಅಧ್ಯಕ್ಷರ ಮಗಳ ಮದುವೆ ಸಾರು ಏನಾಯ್ತು ಅಂತ ನೀವು ಕೇಳಲಿಲ್ವಾ?"

ಅವರ ಮುಖದ ಮೇಲೆ, ಆ ಕಣ್ಣೀರಿನ ನಡುವೆಯೇ, ಏನೋ ಅಲುಗಿತು. "ಕೇಳ್ದೆ. ಮದುಮಗ ಎರಡನೇ ಸಲ ಹಾಕಿಸಿಕೊಂಡನಂತೆ."

"ನಗಬೇಡಿ."

"ನಗ್ತಿಲ್ಲ" ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ತಟ್ಟೆಯನ್ನು ದೂರ ತಳ್ಳಿದರು. "ಅಮ್ಮನಿಗೆ ಏನಾದರೂ ಆಗಿದ್ದರೆ..."

"ಆಗಲಿಲ್ಲ ಕಣೋ" ಎಂದರು ಶಾಂತವೀರಮ್ಮ ಹೊರಗಿನಿಂದಲೇ. "ಆಗದೇ ಇರೋದಕ್ಕೆ ಎಷ್ಟು ದಿನ ಅಂತ ಅಳ್ತೀಯ? ಹೋಗು, ಆಯಮ್ಮ ಬಿಸಿಲಲ್ಲಿ ಬಂದಿದಾಳೆ."

ಅವರ ನಾಲಿಗೆ ಸರಿಯಾಗಲು ಒಂದು ವಾರ ಮೊಸರನ್ನವೇ ಗತಿಯಾಯಿತು. ಆಮೇಲೆ ಒಂದು ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಜುಲೇಖಾ ಮೇಡಂ ನಮ್ಮಿಬ್ಬರನ್ನೂ ಕೂರಿಸಿ ಎರಡೆರಡು ಲೋಟ ಕೊಟ್ಟರು. ಮೊದಲನೆಯದರಲ್ಲಿ ತಣ್ಣನೆಯ ನೀರು, ಎರಡನೆಯದರಲ್ಲಿ ಬೆಚ್ಚನೆಯದು. ಪಂಪಾಪತಿಯವರು ಮೊದಲನೆಯದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಸಪ್ಪೆ." ಎರಡನೆಯದಕ್ಕೆ, "ಎರಡೆಳೆ. ಧಾರಾಳವಾಗಿ ಎರಡೆಳೆ." ನಾನು ನಳಿಗೆಗೆ ಹನಿ ಬಿಟ್ಟು ನೋಡಿದೆ. ಮೊದಲನೆಯದು ಎರಡೆಳೆ. ಎರಡನೆಯದು ಸಪ್ಪೆ.

"ನೋಡಿದ್ರಾ ಮೇಡಂ, ಇವರು ಯಾವಾಗಲೂ ಹೀಗೇ!" ಎಂದೆವು ಇಬ್ಬರೂ ಒಟ್ಟಿಗೆ.

ಮೇಡಂ ಮೈಯೆಲ್ಲ ಕುಲುಕುವಂತೆ ನಗತೊಡಗಿದರು. ಜೇಬಿನ ಮಂಡಕ್ಕಿ ಚೆಲ್ಲಿ ಮೆಟ್ಟಿಲ ಮೇಲೆಲ್ಲ ಹರಡಿತು, ಮೀನುಗಳು ಬಂದವು. "ಒಂದೇ ಬಿಂದಿಗೆ ನೀರು ಕಣ್ರೀ! ಅರ್ಧ ಕಾಯಿಸಿದೆ, ಅರ್ಧ ತಣ್ಣಗೆ ಮಾಡಿದೆ. ಇರೋದು ಒಂದೆಳೆ." ಕಣ್ಣೊರೆಸಿಕೊಂಡು ಹೇಳಿದರು, "ತಣ್ಣನೆಯದು ನಾಲಿಗೆಗೆ ಸಪ್ಪೆ ಅನ್ನಿಸುತ್ತೆ, ಬೆಚ್ಚಗಿದ್ದರೆ ಸಿಹಿ ಎದ್ದು ಕಾಣುತ್ತೆ. ನಳಿಗೆಗೆ ಉಲ್ಟಾ. ನೀರು ತಣ್ಣಗಾದಷ್ಟೂ ಬೆಳಕು ಹೆಚ್ಚು ಬಾಗುತ್ತೆ, ಸಿಹಿ ಹೆಚ್ಚಾದ ಹಾಗೆ ಕಾಣುತ್ತೆ. ಇಷ್ಟು ವರ್ಷ ನೀವಿಬ್ಬರೂ ಹೊಳೆ ಬಗ್ಗೆ ಜಗಳ ಆಡಲೇ ಇಲ್ಲ. ಚಳಿ ಸೆಕೆ ಬಗ್ಗೆ ಆಡಿದೀರಿ."

ನಾನು ಪಂಪಾಪತಿಯವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಅವರು ಮೆಲ್ಲಗೆ, "ಹಾಗಾದ್ರೆ ಅಮ್ಮನಿಗೆ ಹುಷಾರು ತಪ್ಪಿದ ದಿನ?" ಎಂದು ಕೇಳಿದರು.

"ಬಹುಶಃ ಒಂದೆಳೆ ಇತ್ತು. ನೀವೂ ತಪ್ಪು, ಇವಳೂ ತಪ್ಪು. ನಾನಲ್ಲಿ ಇದ್ದಿದ್ರೆ ಚಳಿಗೆ ನಾನೂ ತಪ್ಪೇ ಹೇಳ್ತಿದ್ದೆ" ಎಂದರು ಮೇಡಂ, ಈ ಸಲ ನಗದೆ. ಪಂಪಾಪತಿಯವರ ಹೆಗಲು ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ಚಳಿಗಾಲದಿಂದ ಹೊತ್ತುಕೊಂಡಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡಂತೆ ಅವರು ಒಂದು ಸಲ ಉದ್ದವಾಗಿ ಉಸಿರುಬಿಟ್ಟರು.

ಆಮೇಲಿನ ದಿನಗಳು ನನ್ನ ಬದುಕಿನ ಅತ್ಯಂತ ಒಳ್ಳೆಯ ದಿನಗಳಾಗಿದ್ದವು. ಎಲ್ಲ ಲೋಟಗಳನ್ನೂ ತೀರ ತಣ್ಣಗೂ ಅಲ್ಲದ, ತೀರ ಬೆಚ್ಚಗೂ ಅಲ್ಲದ ಒಂದೇ ಹದಕ್ಕೆ ತಂದು ಮೇಡಂ ಮುಂದಿಡುವರು. ಪಂಪಾಪತಿಯವರು ರುಚಿ ಹೇಳುವರು. ನಾನು ನಳಿಗೆ ನೋಡುವೆ, ಪರದೆಯ ಮೇಲೆ ತಗ್ಗು ಎಲ್ಲಿದೆಯೆಂದೂ ಹೇಳುವೆ. ಆ ಹದದಲ್ಲಿ ಅವರ ನಾಲಿಗೆ, ನನ್ನ ನಳಿಗೆ ಎರಡೂ ಒಂದೇ ಮಾತು ಹೇಳಿದವು. ಒಂದು ಸಲ "ಒಂದೆಳೆ" ಎಂದು ಇಬ್ಬರ ಬಾಯಿಂದಲೂ ಒಟ್ಟಿಗೆ ಬಂದಾಗ ನನಗೆ ಕೆನ್ನೆ ಬಿಸಿಯಾಯಿತು. ಮೇಡಂ ಪರದೆಯ ಕಡೆ ನೋಡುತ್ತ, "ಇದನ್ನ ಅಳೆಯೋಕೆ ನನ್ನ ಹತ್ತಿರ ಎಳೆ ಇಲ್ಲ" ಎಂದರು.

ಎಳೆ ಹೊಳೆಗೆ ಇಳಿಯಿತು. ತಾಮ್ರದ ಜಾಲರಿಯ ಕೊಳವೆಯೊಳಗೆ ನೀರಿನ ಮಧ್ಯೆ ಕುಳಿತು, ಹಗಲಿಡೀ ಬಿಸಿಯನ್ನೂ ಸಿಹಿಯನ್ನೂ ಬೇರೆಬೇರೆಯಾಗಿ ಹೇಳತೊಡಗಿತು. ಮೇಡಂ ತಮ್ಮ ಊರಿಗೆ ಹಿಂದಿರುಗಿದರು. ಪುರಸಭೆಯವರು ಮಾಳಿಗೆಯ ಒಂದು ಕಂಬವನ್ನು ಕಿತ್ತರು. ಊರಿನವರಿಗೆ ಮೊದಮೊದಲು ಬಹಳ ಕಷ್ಟವಾಯಿತು. ಒಂದೇ ಕಂಬ ಇದ್ದರೆ ತಮಗೆ ಬೇಕಾದ ಕಂಬವನ್ನು ನಂಬುವುದು ಹೇಗೆ? ಸಪ್ಪೆ ಎಂದರೆ ಸಪ್ಪೆಯೇ, ಬಟ್ಟೆ ಒಗೆಯಲೇಬೇಕು. "ಇದೇನಮ್ಮ, ನೆಪಕ್ಕೂ ಗತಿ ಇಲ್ಲದ ಹಾಗಾಯ್ತು" ಎಂದು ಕೆಲವರು ನನ್ನ ಹತ್ತಿರವೇ ದೂರಿದರು.

ನನಗೆ ಪರದೆಯ ದೂಳು ಒರೆಸಿ ಪಟ್ಟಿ ಕಟ್ಟುವ ಕೆಲಸ ಉಳಿಯಿತು. ಪಂಪಾಪತಿಯವರಿಗೆ ಅಷ್ಟೂ ಉಳಿಯಲಿಲ್ಲ. ಅವರು ಆಗೊಮ್ಮೆ ಈಗೊಮ್ಮೆ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಕೇಳಲು ಏನೂ ಇರಲಿಲ್ಲ, ಪರದೆಯೇ ಹೇಳಿಬಿಡುತ್ತಿತ್ತು. ಒಂದು ಬೆಳಿಗ್ಗೆ ಬಂದು, ದೂರದ ಬೆಟ್ಟದ ಟೀ ತೋಟದವರು ರುಚಿ ನೋಡುವ ಕೆಲಸಕ್ಕೆ ಕರೆದಿದ್ದಾರೆಂದು ಹೇಳಿದರು. "ಮೇಡಂ ಅವರೇ ಹೇಳಿಸಿದ್ದಂತೆ. ಅಲ್ಲಿ ಎಲ್ಲಾ ಲೋಟಾನೂ ಒಂದೇ ಬಿಸಿಯಲ್ಲಿ ಕೊಡ್ತಾರಂತೆ."

"ಒಳ್ಳೇದಾಯ್ತು" ಎಂದೆ.

"ಒಳ್ಳೇದೇ."

"ಹೂಂ."

ಅವರು ಎದ್ದು ಹೋದರು. ನಾನು ಪಟ್ಟಿ ಕಟ್ಟಲು ಮಾಳಿಗೆ ಹತ್ತಿ, ಒಂದೆಳೆಗೆ ಮೂರು ಪಟ್ಟಿ ಕಟ್ಟಿ ಇಳಿದೆ. ಕೆಳಗೆ ಜನ ಹಂಡೆ ಹಿಡಿದು ಓಡಿಬಂದಾಗಲೇ ಗೊತ್ತಾದದ್ದು. ಎಲ್ಲರ ಕ್ಷಮೆ ಕೇಳಿ, ಪಟ್ಟಿ ಬಿಚ್ಚಿ, ನೆಟ್ಟಗೆ ಪಂಪಾಪತಿಯವರ ಮನೆಗೆ ನಡೆದೆ. ಎಂದಿನಂತೆ ಶಾಂತವೀರಮ್ಮ ಜಗಲಿಯ ಮೇಲಿದ್ದರು. ನನ್ನ ಮುಖ ನೋಡಿ, "ಒಳಗಿದಾನೆ, ಟ್ರಂಕು ತುಂಬ್ತಿದಾನೆ. ತುಂಬೋ ಮೊದಲು ಹೇಳೋದಿದ್ರೆ ಹೇಳು" ಎಂದರು.

"ನಾನು ಬೆಳಿಗ್ಗೆ ಒಳ್ಳೇದಾಯ್ತು ಅಂದೆ" ಎಂದೆ ಒಳಗೆ ಹೋಗಿ. "ಆ ಮಾತು ನಿಜವಲ್ಲ."

ಪಂಪಾಪತಿಯವರು ಅಂಗಿ ಮಡಚುತ್ತಿದ್ದವರು ನಿಲ್ಲಿಸಿದರು. "ಹೊಳೆಗೆ ಈಗ ನಾನು ಬೇಕಿಲ್ವಲ್ಲ."

"ಹೊಳೆಗೆ ಬೇಡ. ನನಗೆ ಬೇಕು."

ಅವರು ಆ ಅಂಗಿಯ ಮಡಿಕೆ ಬಿಚ್ಚಿದರು, ಮತ್ತೆ ಮಡಿಸಿದರು. "ಟೀ ತೋಟದವರಿಗೆ ಮಾತು ಕೊಟ್ಟುಬಿಟ್ಟಿದೀನಿ" ಎಂದು ಹೇಳಿ, ನನ್ನ ಮುಖ ಇಳಿಯುವುದನ್ನು ಕಂಡು ಗಾಬರಿಯಾಗಿ, "ಅಂದ್ರೆ, ನೀವೂ ಬರಬಹುದಲ್ಲ ಅಂತ" ಎಂದರು.

"ಬರ್ತಾಳೆ, ಬರ್ತಾಳೆ" ಎಂದರು ಶಾಂತವೀರಮ್ಮ ಹೊರಗಿನಿಂದ. "ಪರದೆ ನೋಡಿ ಪಟ್ಟಿ ಕಟ್ಟೋಕೆ ನಾನಿದೀನಿ. ಈ ಊರಲ್ಲಿ ಹೊಳೆ ಎಷ್ಟು ಸಿಹಿ ಅಂತ ನನಗಿಂತ ಹೆಚ್ಚು ಗರಜು ಯಾರಿಗಿದೆ?" ಅಧ್ಯಕ್ಷರು ಒಪ್ಪಿದರು. ಶಾಂತವೀರಮ್ಮ ಎರಡೇ ದಿನದಲ್ಲಿ ಆ ಎರಡು ತಗ್ಗುಗಳಿಗೆ ಅಣ್ಣ ತಮ್ಮ ಎಂದು ಹೆಸರಿಟ್ಟು, ನನಗಿಂತ ಬೇಗ ಲೆಕ್ಕ ಹೇಳತೊಡಗಿದರು. ಮಾಳಿಗೆ ಹತ್ತಿ ಇಳಿದು ಅವರ ಆರೋಗ್ಯವೂ ಸುಧಾರಿಸಿತು.

ಪುರಸಭೆಯ ಅಂಗಳದಲ್ಲಿ ನಮ್ಮ ಮದುವೆಯಾಯಿತು. ನಾಲಿಗೆಯ ಪಕ್ಷದವರು ಗಂಡಿನ ಕಡೆ, ನಳಿಗೆಯ ಪಕ್ಷದವರು ಹೆಣ್ಣಿನ ಕಡೆ ಎಂದು ಊರು ತಾನೇ ಪಾಲು ಹಂಚಿಕೊಂಡು, ಕೊನೆಯ ಸಲ ಮನಸ್ಸು ತುಂಬ ಜಗಳವಾಡಿತು. ಮರುದಿನ ಬೆಳಿಗ್ಗೆ ನಾವು ಬಸ್ಸು ಹತ್ತಿದೆವು. ನಾನು ಊರು ಬಿಟ್ಟು ಹೊರಗೆ ಹೋದದ್ದು ಅದೇ ಮೊದಲು. ಹೊಳೆಯ ಕೊನೆಯ ತಿರುವು ಕಣ್ಣಿಗೆ ಮರೆಯಾದಾಗ ಅಳು ಬಂತು. ಪಂಪಾಪತಿಯವರು ತಮ್ಮ ಟವೆಲ್ ಕೊಟ್ಟರು.

ಮಧ್ಯಾಹ್ನ ಬೆಟ್ಟದ ಬುಡದಲ್ಲಿ ಬಸ್ಸು ನಿಂತಿತು. ರಸ್ತೆ ಬದಿಯಲ್ಲಿ ತಗಡಿನ ಮಾಡಿನ ಒಂದು ಅಂಗಡಿ. ವಯಸ್ಸಾದ ಹೆಂಗಸೊಬ್ಬಳು ಎರಡು ಗ್ಲಾಸು ಟೀ ತಂದು ಮೇಜಿನ ಮೇಲಿಟ್ಟಳು. ಒಂದು ಗುಟುಕು ಕುಡಿದೆ. ಬಿಸಿಯಾಗಿತ್ತು, ಗಮ್ಮೆಂದಿತ್ತು. ಆದರೆ ಸಿಹಿ ಒಂದಿಷ್ಟೂ ಇರಲಿಲ್ಲ.

"ಇವತ್ತು ಇಲ್ಲಿ ಸಪ್ಪೆ" ಎಂದೆ.

"ಸಕ್ಕರೆ ಹಾಕ್ಕೊಳ್ಳಮ್ಮ" ಎಂದು ಅವಳು ಬಿಳಿಯ ಹರಳು ತುಂಬಿದ ಬಟ್ಟಲೊಂದನ್ನು ನನ್ನ ಮುಂದೆ 'ಟಕ್' ಎಂದು ಇಟ್ಟಳು. ಅದರಲ್ಲಿ ಒಂದು ಚಮಚವಿತ್ತು. ಸಕ್ಕರೆ ಎಂಬ ಹೆಸರು ಕೇಳಿದ್ದೆ, ಕಣ್ಣಾರೆ ಕಂಡದ್ದು ಆಗಲೇ. ಅಂಥದೊಂದು ಬಟ್ಟಲು ನಮ್ಮೂರಿನ ಯಾವ ಮನೆಯಲ್ಲೂ ಇಲ್ಲ, ಅಂಗಡಿಯಲ್ಲೂ ಇಲ್ಲ.

"ಎಷ್ಟು?" ಎಂದು ಕೇಳಿದೆ.

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನಿನಗೆ ಎಷ್ಟು ಬೇಕೋ ಅಷ್ಟು."

ಇಷ್ಟು ವರ್ಷ ಒಂದು ಊರಿಗೆಲ್ಲ ಸಿಹಿ ಎಷ್ಟೆಂದು ಹೇಳಿದ್ದೇನೆ. ನನಗೆ ಎಷ್ಟು ಬೇಕೆಂದು ಒಬ್ಬರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಪಂಪಾಪತಿಯವರ ಕಡೆ ನೋಡಿದೆ. ಅವರು ತಗಡಿನ ಮಾಡನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. "ನನ್ನನ್ನ ಕೇಳಬೇಡಿ" ಎಂದರು.

ಒಂದು ಚಮಚ ಹಾಕಿದೆ, ತಿರುವಿದೆ, ಕುಡಿದೆ. ಸಾಲಲಿಲ್ಲ. ಬಸ್ಸಿನವನು ಹಾರನ್ ಹೊಡೆದ. ಕಾಯಲಿ ಎಂದುಕೊಂಡು ಬಟ್ಟಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡೆ.